ರಾಯಚೂರು: ಮೇಲಿನ ಮಹಡಿ ಆಫೀಸು, ನಾಲ್ಕು ಏಸಿ ಇದ್ದರೂ ಸಂಜೆ ಸೆಕೆ. ಐದನೆಯದು ಬೇಕೇ?

ಬಿಸಿಲುನಾಡು:
ಮೂರನೇ ಮಹಡಿ, 1200 ಚದರಡಿ, ಮೇಲೆ ಬರೀ ಸಿಮೆಂಟ್ ತಾರಸಿ, ಫಾಲ್ಸ್ ಸೀಲಿಂಗ್ ಇಲ್ಲ. 1.5 ಟನ್ನಿನ ನಾಲ್ಕು ಇನ್ವರ್ಟರ್ (ಕಂಪ್ರೆಸರ್ ವೇಗ ತಾನೇ ಹೊಂದಿಸಿಕೊಳ್ಳುವ) ಸ್ಪ್ಲಿಟ್ ಏಸಿ. ಪಶ್ಚಿಮಕ್ಕೆ 20 ಅಡಿ ಉದ್ದ, 4 ಅಡಿ ಎತ್ತರದ ಗಾಜು. ಏಪ್ರಿಲ್‌ನಲ್ಲಿ 18ಕ್ಕೆ ಇಟ್ಟರೂ ಸಂಜೆ ನಾಲ್ಕಕ್ಕೆ ಒಳಗೆ 28 ಡಿಗ್ರಿ. ಔಟ್‌ಡೋರ್ ಯೂನಿಟ್ ನಾಲ್ಕೂ ಹಿಂದಿನ ಇಕ್ಕಟ್ಟು ಡಕ್ಟ್‌ನಲ್ಲಿ, ಅಂದರೆ ಗೋಡೆಗಳ ನಡುವಿನ ಸಂದಿಯಲ್ಲಿವೆ. ಇನ್ನೊಂದು ಏಸಿ ಹಾಕಿಸೋಣವೇ, ಬೇರೆ ದಾರಿ ಇದೆಯೇ?

ತಂಪುಲೆಕ್ಕ:
ಐದನೆಯದು ಸದ್ಯ ಬೇಡ ಸರ್. ಮೊದಲು ತಾರಸಿ ನೋಡಿ. ಮಧ್ಯಾಹ್ನ ಸ್ಲ್ಯಾಬಿನ ಮೇಲ್ಮೈ 60 ಡಿಗ್ರಿ ಮುಟ್ಟುತ್ತದೆ. ಆರಿಂಚು ಆರ್‌ಸಿಸಿಯಲ್ಲಿ (ಕಬ್ಬಿಣ ಹಾಕಿದ ಕಾಂಕ್ರೀಟು) ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ಅಂತರಕ್ಕೆ ಸುಮಾರು 3.7 ವಾಟ್ ಶಾಖ ಇಳಿಯುತ್ತದೆ. ನಿಮ್ಮದು 111 ಚದರ ಮೀಟರ್, ಒಳಗೆ 26 ಬೇಕೆಂದರೆ ಅಂತರ 34 ಡಿಗ್ರಿ, ಒಟ್ಟು 14 ಕಿಲೋವಾಟ್, ಅಂದರೆ ನಾಲ್ಕು ಟನ್ (ಏಸಿಯ ಒಂದು ಟನ್ ಎಂದರೆ ಸುಮಾರು 3.5 ಕಿಲೋವಾಟ್ ಶಾಖ ಹೊರಹಾಕುವ ಶಕ್ತಿ). ಸ್ಲ್ಯಾಬು ಸ್ವಲ್ಪ ತಡೆಹಿಡಿಯುವುದರಿಂದ ಅಷ್ಟೂ ಒಮ್ಮೆಗೇ ಬರುವುದಿಲ್ಲ, ಆದರೆ ಮೂರ್ನಾಲ್ಕು ಗಂಟೆ ತಡವಾಗಿ ಬರುತ್ತದೆ. ನಿಮ್ಮ ನಾಲ್ಕು ಗಂಟೆಯ ಸೆಕೆ ಅದೇ. ನೀವು ಕೊಂಡಿರುವ ಆರು ಟನ್ನಿನಲ್ಲಿ ದೊಡ್ಡ ಪಾಲು ಸ್ಲ್ಯಾಬಿಗೇ ಹೋಗುತ್ತಿದೆ.

ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿ. ಡಬ್ಬದ ಮೇಲೆ ಸೌರ ಪ್ರತಿಫಲನ 0.7ಕ್ಕಿಂತ ಹೆಚ್ಚು ಎಂದಿರಲಿ, ಅಂದರೆ ಬಿಸಿಲಿನ ನೂರರಲ್ಲಿ ಎಪ್ಪತ್ತು ಪಾಲಿಗಿಂತ ಹೆಚ್ಚು ವಾಪಸ್ ಹೋಗಬೇಕು. ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ ತೊಳೆದು ಎರಡು ದಿನ ಒಣಗಿಸಿ, ಬಿರುಕು ತುಂಬಿಸಿ, ಪ್ರೈಮರ್ ಮೇಲೆ ಎರಡು ಕೋಟು, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಬೇಕು; ಕಾದ ಸ್ಲ್ಯಾಬಿನ ಮೇಲೆ ಪೇಂಟ್ ಹಿಡಿಯುವ ಮೊದಲೇ ಒಣಗಿ ಸಿಪ್ಪೆ ಏಳುತ್ತದೆ. ನೀರು ನಿಲ್ಲುವ ಜಾಗದಲ್ಲಿ ಮೊದಲು ಇಳಿಜಾರು ಸರಿಮಾಡಿಸಿ. ನಮ್ಮ ಕಡೆಯ ಧೂಳಿಗೆ ಬಿಳುಪು ಬೇಗ ಮಾಸುತ್ತದೆ, ಬೇಸಿಗೆಗೆ ಮುಂಚೆ ಪ್ರತಿವರ್ಷ ತೊಳೆಯದಿದ್ದರೆ ಹಾಕಿದ ದುಡ್ಡು ದಂಡ.

ಮಾಳಿಗೆಮನೆ:
ಪೇಂಟ್ ಒಪ್ಪುತ್ತೇನೆ, ಆದರೆ ಕಟ್ಟಡ ಸ್ವಂತದ್ದಾದರೆ 50 ಮಿ.ಮೀ. ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಫೋಮ್) ಹಲಗೆಯೇ ಸರಿ. ತಂಪುಲೆಕ್ಕ ಹೇಳಿದ ಆ 3.7 ವಾಟ್ ಸುಮಾರು 0.5ಕ್ಕೆ ಇಳಿಯುತ್ತದೆ. ವಾಟರ್‌ಪ್ರೂಫಿಂಗ್ ಮೇಲೆ ಹಲಗೆ, ಅದರ ಮೇಲೆ ಜಿಯೋಟೆಕ್ಸ್‌ಟೈಲ್ (ನೀರು ಸೋಸುವ ಪ್ಲಾಸ್ಟಿಕ್ ನಾರಿನ) ಬಟ್ಟೆ, ಆಮೇಲೆ ಕೋಳಿ ಜಾಲರಿ (ಚಿಕನ್ ಮೆಶ್) ಹಾಕಿದ 50 ಮಿ.ಮೀ. ಕಾಂಕ್ರೀಟು. ಇದರ ಭಾರ ಚದರ ಮೀಟರಿಗೆ 110 ಕೆ.ಜಿ. ದಾಟುತ್ತದೆ, ಸ್ಟ್ರಕ್ಚರಲ್ ಎಂಜಿನಿಯರ್ ಹೂಂ ಅನ್ನದೆ ಹಾಕಿಸಬೇಡಿ. ಅಗ್ಗವೆಂದು ಮಾಮೂಲಿ ಥರ್ಮಾಕೋಲ್ ಹಾಕಿದರೆ ನೀರು ಕುಡಿದು ಕೆಲಸಕ್ಕೆ ಬಾರದಾಗುತ್ತದೆ.

ಪಶ್ಚಿಮದ ಗಾಜಿನಿಂದ ಸಂಜೆ ಹೆಚ್ಚುಕಡಿಮೆ ಒಂದು ಟನ್ ಒಳಗೆ ಬರುತ್ತದೆ. ಒಳಗಿನ ಪರದೆ ಅದನ್ನು ತಡೆಯದು, ಗಾಜು ದಾಟಿದ ಬಿಸಿ ಒಳಗೇ ಉಳಿಯಿತು. ಸೂರ್ಯ ತಗ್ಗಿನಲ್ಲಿರುವಾಗ ಸಜ್ಜೆಯೂ ಸಾಲದು. ಗಾಜಿನ ಹೊರಗೆ ಬಿದಿರಿನ ಚಿಕ್ (ಕಡ್ಡಿ ಪರದೆ) ಅಥವಾ ಶೇಡ್ ನೆಟ್, ಗಾಜಿನಿಂದ ಒಂದಡಿ ದೂರಕ್ಕೆ ಕಟ್ಟಿಸಿ.

ಬಿಸಿಲುನಾಡು:
ಧನ್ಯವಾದ. ಬಾಡಿಗೆ ಕಟ್ಟಡ, ಹಾಗಾಗಿ ಪೇಂಟ್. ಔಟ್‌ಡೋರ್ ಮೇಲೆ ನೀರು ಚಿಮುಕಿಸಿದರೆ ತಂಪಾಗುತ್ತದೆ ಅಂತಾರೆ, ಮಾಡಬಹುದೇ?

ಗ್ಯಾಸ್‌ಗೇಜ್:
ಬೋರ್ ನೀರು ಖಂಡಿತ ಬೇಡ. ಫಿನ್‌ಗಳ (ಔಟ್‌ಡೋರ್‌ನ ತೆಳು ಲೋಹದ ಪಟ್ಟಿಗಳ) ನಡುವೆ ಬಿಳಿ ಉಪ್ಪು ಕಟ್ಟಿ ಗಾಳಿಯೇ ಹಾಯುವುದಿಲ್ಲ. ನಾಲ್ಕೂ ಓಡುವಾಗ ಔಟ್‌ಡೋರ್ ಕಾಯಿಲ್ (ಗ್ಯಾಸ್ ಹರಿಯುವ ಸುರುಳಿ ಕೊಳವೆ) ಹಿಂಭಾಗದ ಗಾಳಿಯನ್ನೂ ತಾರಸಿಯ ನೆರಳಿನ ಗಾಳಿಯನ್ನೂ ಥರ್ಮಾಮೀಟರ್‌ನಿಂದ ಅಳೆಯಿರಿ. ಮೂರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಉಗುಳಿದ ಬಿಸಿಯನ್ನೇ ಇನ್ನೊಂದು ಎಳೆಯುತ್ತಿದೆ. ಹಾಗಿದ್ದರೆ ಔಟ್‌ಡೋರ್‌ಗಳನ್ನು ತಾರಸಿಗೆ ಎತ್ತಿಸಿ: ಹಿಂದೆ ಒಂದಡಿ, ಮುಂದೆ ಐದಡಿ ಖಾಲಿ. ಪೈಪ್ ಉದ್ದವಾದಷ್ಟೂ ಮ್ಯಾನುಯಲ್‌ನಲ್ಲಿರುವಷ್ಟು ಗ್ಯಾಸ್ ಸೇರಿಸಬೇಕು, ತಕ್ಕಡಿಯಲ್ಲಿ ತೂಗಿ. ಬರೀ ಗೇಜ್ (ಒತ್ತಡದ ಮಾಪಕ) ನೋಡಿ ತುಂಬುವವರಿಂದ ಮಾಡಿಸಬೇಡಿ.

18 ಬಿಟ್ಟು 26ಕ್ಕೆ ಇಡಿ, 30 ವಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟು ತಿನ್ನುವ ಮೋಟಾರಿನ) ಫ್ಯಾನು ತಿರುಗಲಿ. 18ರಲ್ಲಿ ಕಂಪ್ರೆಸರ್ ಗುರಿ ಮುಟ್ಟುವುದೇ ಇಲ್ಲ, ಹಾಗಾಗಿ ವೇಗ ತಗ್ಗಿಸುವುದೂ ಇಲ್ಲ. ಇನ್ವರ್ಟರ್‌ಗೆ ಕೊಟ್ಟ ದುಡ್ಡು ಅಲ್ಲೇ ವ್ಯರ್ಥ. ಪೇಂಟಿಗೆ ಮೊದಲೇ ಏಸಿ ಲೈನಿಗೊಂದು ಸಬ್‌ಮೀಟರ್ (ಏಸಿಯ ಕರೆಂಟಷ್ಟನ್ನೇ ಅಳೆಯುವ ಮೀಟರ್) ಹಾಕಿಸಿ, ಒಂದು ವಾರ ದಿನದ ಯೂನಿಟ್ಟಿನ ಜೊತೆ ಊರಿನ ಗರಿಷ್ಠ ಉಷ್ಣಾಂಶವನ್ನೂ ಬರೆದಿಡಿ. ಪೇಂಟಾದ ಮೇಲೆ ಅಷ್ಟೇ ಬಿಸಿಲಿದ್ದ ದಿನಕ್ಕೆ ಹೋಲಿಸಿ ನೋಡಿ.