ದೊಡ್ಡಮ್ಮ, ಆ ಮೂರು ಬಾಲಿನ ಡಬ್ಬಿ ಊದುವುದಕ್ಕಲ್ಲ

ದೊಡ್ಡಮ್ಮ, ಡ್ಯೂಟಿಯಲ್ಲಿದ್ದೆ, ನಿಮ್ಮ ಮೆಸೇಜ್ ಈಗ ನೋಡಿದೆ. ದೊಡ್ಡಪ್ಪನಿಗೆ ಪಿತ್ತಕೋಶದ ಆಪರೇಷನ್ ಆದಮೇಲೆ ಉಸಿರಾಟದ ವ್ಯಾಯಾಮಕ್ಕೆ ಕೊಟ್ಟ ಮೂರು ಬಾಲಿನ ಡಬ್ಬಿ (ಸ್ಪೈರೋಮೀಟರ್) ಊದಿದರೆ ತಲೆ ಸುತ್ತುತ್ತದೆ, ಅದು ಬೇಕೇ ಬೇಕಾ ಅಂತ ಕೇಳಿದ್ದೀರಿ. ಬೇಕು. ಆದರೆ ಅದನ್ನು ಊದಬಾರದು, ಒಳಗೆ ಎಳೆಯಬೇಕು. ನಮ್ಮ ವಾರ್ಡಿನಲ್ಲೂ ಎಷ್ಟೋ ಜನ ಮೊದಲು ಊದುತ್ತಾರೆ.

ದೊಡ್ಡಪ್ಪನನ್ನು ನೆಟ್ಟಗೆ ಕೂರಿಸಿ. ಮೊದಲು ಉಸಿರು ಪೂರ್ತಿ ಬಿಡಲಿ. ಆಮೇಲೆ ಪೈಪಿನ ತುದಿಯನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು, ನಿಧಾನವಾಗಿ ಎಳೆಯಲಿ. ಒಂದು ಬಾಲ್ ಮೇಲೆದ್ದರೂ ಸದ್ಯಕ್ಕೆ ಸಾಕು. ಮೂರನ್ನೂ ಎಬ್ಬಿಸುತ್ತೇನೆ ಅಂತ ಹಠ ಮಾಡುತ್ತಾರೆ, ಬಿಡಬೇಡಿ. ಬಾಲನ್ನು 3 ಸೆಕೆಂಡ್ ಮೇಲೆಯೇ ನಿಲ್ಲಿಸಿ, ಪೈಪು ತೆಗೆದು ಮೆಲ್ಲಗೆ ಉಸಿರು ಬಿಡಲಿ. ನಡುವೆ ಮಾಮೂಲಿ ಉಸಿರಾಡಿ ಸುಧಾರಿಸಿಕೊಳ್ಳಲಿ. ಎಚ್ಚರ ಇರುವಾಗ ಗಂಟೆಗೆ ಸುಮಾರು 10 ಸಲ. ಒಂದೇ ಸಮನೆ ಜೋರಾಗಿ ಮಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ತೀರಾ ಇಳಿದು, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಸುತ್ತುವುದು, ಬೆರಳು ಜುಮ್ಮೆನ್ನುವುದು ಅದಕ್ಕೇ.

ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿಳಿದ ಎದೆ ಇದು, ನನಗೇನಾಗುತ್ತದೆ ಅಂತ ದೊಡ್ಡಪ್ಪ ಹೇಳುತ್ತಾರಲ್ಲ, ಅವರಿಗೆ ಇದನ್ನು ಕೇಳಿಸಿ. ಹೊಟ್ಟೆಯ ಮೇಲ್ಭಾಗದಲ್ಲಿ ಹೊಲಿಗೆ ಇದ್ದಾಗ ನೋವಿಗೆ ಹೆದರಿ ಮನುಷ್ಯ ಅರ್ಧ ಉಸಿರು ಮಾತ್ರ ತೆಗೆದುಕೊಳ್ಳುತ್ತಾನೆ. ಆಗ ಶ್ವಾಸಕೋಶದ ಕೆಳಭಾಗದ ಸಣ್ಣ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ಕಫ ಅಲ್ಲೇ ನಿಂತು ನ್ಯುಮೋನಿಯಾ ಆಗಬಹುದು. ಆಳವಾದ ಉಸಿರು ಆ ಚೀಲಗಳನ್ನು ಮತ್ತೆ ತೆರೆಯುತ್ತದೆ. ಡಬ್ಬಿಯೊಂದೇ ಸಾಲದು, ಎಬ್ಬಿಸಿ ಮನೆಯೊಳಗೆ ನಡೆಸಿ. ಕೆಮ್ಮು ಬಂದರೆ ತಡೆಯಬಾರದು. ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದು ಕೆಮ್ಮಲಿ, ನೋವು ಕಡಿಮೆ. ಟೊಮೆಟೊ ಮಂಡಿಗೆ ಹೋಗುವ ಮಾತು ಡಾಕ್ಟರ್ ಒಪ್ಪಿದ ಮೇಲೆ.

ರಾಘಣ್ಣ, ನೀವು ಗ್ರೂಪಿನಲ್ಲಿ ಹಾಕಿದ ಫಾರ್ವರ್ಡ್ ಕೂಡ ನೋಡಿದೆ. ದೀರ್ಘ ಉಸಿರಾಟದಿಂದ ಬಿಪಿ, ಶುಗರ್ ವಾಸಿಯಾಗುತ್ತದೆ, ರಕ್ತಕ್ಕೆ ಆಕ್ಸಿಜನ್ ತುಂಬುತ್ತದೆ, ಶ್ವಾಸಕೋಶ ತೊಳೆದಂತಾಗುತ್ತದೆ ಅಂತಿದೆ. ಬೆರಳಿಗೆ ಕ್ಲಿಪ್ ಹಾಕಿ ನೋಡಿ, ಆರೋಗ್ಯವಾಗಿರುವವರಿಗೆ ಆಕ್ಸಿಜನ್ ಮೊದಲೇ ಶೇಕಡಾ 95ರ ಮೇಲಿರುತ್ತದೆ. ತುಂಬಿದ ಬಿಂದಿಗೆಗೆ ಇನ್ನೆಷ್ಟು ಸುರಿಯಲು ಸಾಧ್ಯ? ಇನ್ನು ಶ್ವಾಸಕೋಶ ತೊಳೆಯುವ ವಿಷಯ. ನಮ್ಮ ಜಿಲ್ಲೆಯಲ್ಲೇ ಕೆಜಿಎಫ್ ಗಣಿಯಲ್ಲಿ ಕಲ್ಲಿನ ಧೂಳು ಉಸಿರಾಡಿ ಸಿಲಿಕೋಸಿಸ್, ಅಂದರೆ ಶ್ವಾಸಕೋಶದೊಳಗೆ ಗಾಯವಾಗಿ ಗಟ್ಟಿಯಾಗುವ ಕಾಯಿಲೆ, ಆದವರಿದ್ದಾರೆ. ಆ ಗಾಯ ಯಾವ ಉಸಿರಾಟದಿಂದಲೂ ಮಾಯುವುದಿಲ್ಲ. ಅಂಥವರಿಗೆ ಇದನ್ನು ಕಳಿಸಿ ಸುಳ್ಳು ಆಸೆ ಹುಟ್ಟಿಸಬೇಡಿ, ದಯವಿಟ್ಟು.

ಹಾಗಂತ ಪ್ರಯೋಜನ ಇಲ್ಲವೆಂದಲ್ಲ, ತುಂಬಾ ಇದೆ. ಸುಮ್ನೆ ಕೂತಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅದನ್ನು 6ರ ಹತ್ತಿರ ತಂದರೆ, ಅಂದರೆ ಮೂಗಿನಲ್ಲಿ 4 ಎಣಿಸುವಷ್ಟು ಎಳೆದು 6 ಎಣಿಸುವಷ್ಟು ಬಿಟ್ಟರೆ, ಮಿದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರದ ಕೆಲಸ ಜಾಸ್ತಿಯಾಗುತ್ತದೆ. ಉಸಿರು ಬಿಡುವಾಗಲೆಲ್ಲ ಎದೆಬಡಿತ ನಿಧಾನವಾಗುವುದು ಆ ನರದಿಂದಲೇ. ಮೈ ಸಡಿಲಾಗುತ್ತದೆ, ಬಿಪಿ ಕೂಡ ಸ್ವಲ್ಪ ಇಳಿಯುತ್ತದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳಿ. ಕೈ ಮೇಲೆದ್ದರೆ ಸರಿ, ಭುಜ ಎದ್ದರೆ ಉಸಿರು ಇನ್ನೂ ಎದೆಯ ಮೇಲ್ಗಡೆಯೇ ಇದೆ. ಮಾತ್ರೆ ಮಾತ್ರ ನಿಲ್ಲಿಸಬೇಡಿ ರಾಘಣ್ಣ, ಇದು ಅದರ ಜೊತೆಗೆ.

ದೊಡ್ಡಮ್ಮ, ದೊಡ್ಡಪ್ಪನಿಗೆ ಜ್ವರ ಬಂದರೆ, ಕಫ ಹಳದಿಯಾದರೆ, ಮಾತಾಡುವಾಗ ಮೇಲುಸಿರು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಆಪರೇಷನ್ ಮಾಡಿದ ಡಾಕ್ಟರಿಗೆ ತಕ್ಷಣ ಫೋನ್ ಮಾಡಿ. ನನಗೂ ಮಾಡಿ, ಎಷ್ಟು ಹೊತ್ತಾದರೂ ಎತ್ತುತ್ತೇನೆ.