ಇಂಟರ್‌ಪೊಲೇಟರ್ ಕಟ್ಟಿದರೂ ಕೌಂಟರಿನ ರೀಡಿಂಗ್ ಸ್ಥಿರವಾಗುತ್ತಿಲ್ಲ

ಪ್ರಶ್ನೆ:
ಮೂರು ವಾರಗಳಿಂದ ಇದರ ಹಿಂದೆಯೇ ಬಿದ್ದಿದ್ದೇನೆ, ಬೇಸತ್ತು ಬರೆಯುತ್ತಿದ್ದೇನೆ. ಎರಡು ಪಲ್ಸ್‌ಗಳ ನಡುವಿನ ಸಮಯವನ್ನು ಅಳೆಯುವ ನನ್ನ ಕೌಂಟರಿನ ಕ್ಲಾಕ್ 10 ಮೆಗಾಹರ್ಟ್ಸ್ ಆದ್ದರಿಂದ 100 ನ್ಯಾನೋಸೆಕೆಂಡಿಗಿಂತ ಸಣ್ಣ ಅಂತರ ಸಿಗುತ್ತಿರಲಿಲ್ಲ. ಹೀಗಾಗಿ ಪಲ್ಸ್ ಬಂದಾಗಿನಿಂದ ಕ್ಲಾಕಿನ ಏರಂಚಿನವರೆಗೆ 1 ನ್ಯಾನೋಫ್ಯಾರಡ್ ಕೆಪಾಸಿಟರನ್ನು 10 ಮಿಲಿಆಂಪಿಯರ್ ಸ್ಥಿರ ಕರೆಂಟಿನಿಂದ ಚಾರ್ಜ್ ಮಾಡಿ, ಆ ವೋಲ್ಟೇಜನ್ನು 12 ಬಿಟ್ ಎಡಿಸಿಯಿಂದ (ವೋಲ್ಟೇಜನ್ನು ಅಂಕಿಗೆ ಬದಲಿಸುವ ಚಿಪ್) ಓದುವ ಇಂಟರ್‌ಪೊಲೇಟರ್ ಸರ್ಕ್ಯೂಟನ್ನು ಶುರುವಿನ ಮತ್ತು ಕೊನೆಯ ಪಲ್ಸ್‌ಗಳ ಎರಡೂ ಚಾನೆಲ್‌ಗಳಿಗೆ ಕಟ್ಟಿದೆ. ಲೆಕ್ಕದ ಪ್ರಕಾರ 100 ನ್ಯಾನೋಸೆಕೆಂಡಿಗೆ 1 ವೋಲ್ಟ್, ಅಂದರೆ 3.3 ವೋಲ್ಟ್ ರೆಫರೆನ್ಸಿನಲ್ಲಿ ಒಂದು ಹೆಜ್ಜೆಗೆ ಸುಮಾರು 80 ಪಿಕೋಸೆಕೆಂಡ್. ಆದರೆ ಒಂದೇ ಅಂತರವನ್ನು ಅಳೆಯುತ್ತಾ ಹೋದರೆ ನೂರರಲ್ಲಿ ಮೂರ್ನಾಲ್ಕು ರೀಡಿಂಗ್ ಪೂರ್ತಿ ತಪ್ಪು ಬರುತ್ತಿವೆ.

ಉತ್ತರ 1:
ಕೆಪಾಸಿಟರ್ ಎಕ್ಸ್7ಆರ್ ಎಂಬ ಸೆರಾಮಿಕ್ ಜಾತಿಯದ್ದಾಗಿರಬೇಕು. ಅದರ ಕೆಪಾಸಿಟೆನ್ಸ್ ವೋಲ್ಟೇಜಿನೊಂದಿಗೆ ಬದಲಾಗುತ್ತದೆ, ಹಾಗೆ ಬದಲಾಗದ ಸಿ0ಜಿ ಜಾತಿಯದ್ದನ್ನು ಹಾಕಿ.

ಪ್ರಶ್ನೆ ಕೇಳಿದವರು:
ಮೊದಲಿನಿಂದಲೂ ಸಿ0ಜಿ ಇದೆ.

ಉತ್ತರ 1:
ಹಾಗಿದ್ದರೆ ಡಿಸ್ಚಾರ್ಜ್ ಪೂರ್ತಿ ಆಗದೆ ಹಿಂದಿನ ಅಳತೆಯ ಚಾರ್ಜ್ ಉಳಿಯುತ್ತಿರಬೇಕು. ಡಿಸ್ಚಾರ್ಜ್ ಸ್ವಿಚ್ಚನ್ನು ಇನ್ನಷ್ಟು ಹೊತ್ತು ಆನ್ ಇಟ್ಟು ನೋಡಿ.

ಉತ್ತರ 2:
ಚಾರ್ಜ್ ಉಳಿದರೆ ಎಲ್ಲ ರೀಡಿಂಗ್‌ಗಳೂ ಸ್ವಲ್ಪ ಸ್ವಲ್ಪ ಸರಿಯಬೇಕೇ ಹೊರತು ಕೆಲವೇ ರೀಡಿಂಗ್ ಪೂರ್ತಿ ಕೆಡುವುದಿಲ್ಲ. ಕೆಪಾಸಿಟರನ್ನು ಸದ್ಯಕ್ಕೆ ಬಿಡೋಣ. ತಪ್ಪು ಎಷ್ಟು, ಪಲ್ಸ್ ಎಲ್ಲಿಂದ ಬರುತ್ತಿದೆ ಎಂಬ ಎರಡನ್ನೂ ನೀವು ಹೇಳಿಲ್ಲ.

ಪ್ರಶ್ನೆ ಕೇಳಿದವರು:
ತಪ್ಪು ಪ್ರತಿ ಸಲವೂ 100 ನ್ಯಾನೋಸೆಕೆಂಡ್, ಹೆಚ್ಚು ಇಲ್ಲವೇ ಕಡಿಮೆ. ಅದೇ 10 ಮೆಗಾಹರ್ಟ್ಸನ್ನು ಭಾಗಿಸಿ ಪಲ್ಸ್ ಕೊಟ್ಟಾಗ ಒಂದೂ ತಪ್ಪು ಬರಲಿಲ್ಲ. ಬೇರೆ ಆಸಿಲೇಟರಿನಿಂದ ಕೊಟ್ಟಾಗ ಮಾತ್ರ ಬರುತ್ತದೆ.

ಉತ್ತರ 2:
ಇದನ್ನು ಮೊದಲೇ ಬರೆದಿದ್ದರೆ ಇಷ್ಟು ದೂರ ಬರಬೇಕಾಗಿರಲಿಲ್ಲ. ತಪ್ಪು ಸರಿಯಾಗಿ ಒಂದು ಕ್ಲಾಕ್ ಅವಧಿಯಷ್ಟೇ ಇದ್ದರೆ ಅದು ನಾಯ್ಸ್ ಅಲ್ಲ, ನಿಮ್ಮ ಕೌಂಟರೂ ಇಂಟರ್‌ಪೊಲೇಟರೂ ಬೇರೆ ಬೇರೆ ಅಂಚುಗಳನ್ನು ಹಿಡಿಯುತ್ತಿವೆ ಎಂದರ್ಥ. ಕ್ಲಾಕಿನಿಂದಲೇ ಹುಟ್ಟಿದ ಪಲ್ಸ್ ಸದಾ ಒಂದೇ ಜಾಗದಲ್ಲಿ ಬೀಳುವುದರಿಂದ ದೋಷ ಅಡಗಿತ್ತು. ನೂರರಲ್ಲಿ ಮೂರ್ನಾಲ್ಕು ಎಂದರೆ, ಎರಡೂ ಚಾನೆಲ್ ಸೇರಿ, 100 ನ್ಯಾನೋಸೆಕೆಂಡಿನಲ್ಲಿ ಮೂರ್ನಾಲ್ಕು ನ್ಯಾನೋಸೆಕೆಂಡಿನ ಕಿಟಕಿಯಲ್ಲಿ ಬಿದ್ದ ಪಲ್ಸ್ ಮಾತ್ರ ಕೆಡುತ್ತಿದೆ. ಒಂದೆರಡು ಲಾಜಿಕ್ ಗೇಟ್‌ಗಳ ವಿಳಂಬಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಕೌಂಟರಿನ ಎಣಿಕೆಯನ್ನು ಶುರು ಮಾಡಿ ನಿಲ್ಲಿಸುವ ಗೇಟ್ ಸಿಗ್ನಲನ್ನು ಎಲ್ಲಿಂದ ತೆಗೆದಿದ್ದೀರಿ?

ಪ್ರಶ್ನೆ ಕೇಳಿದವರು:
ನೇರವಾಗಿ ಇನ್‌ಪುಟ್ ಪಲ್ಸಿನಿಂದ. ಇಂಟರ್‌ಪೊಲೇಟರಿಗೆ ಮಾತ್ರ ಒಂದು ಫ್ಲಿಪ್-ಫ್ಲಾಪ್ (ಇನ್‌ಪುಟ್ಟನ್ನು ಕ್ಲಾಕಿನ ಅಂಚಿನಲ್ಲಷ್ಟೇ ಹಿಡಿದಿಡುವ ಸರ್ಕ್ಯೂಟ್) ಇದೆ.

ಉತ್ತರ 2:
ಪ್ರತಿ ಚಾನೆಲ್‌ಗೆ ಒಂದರ ಹಿಂದೆ ಒಂದು ಎರಡು ಫ್ಲಿಪ್-ಫ್ಲಾಪ್ ಇಡಿ. ಎರಡನೆಯದರ ಔಟ್‌ಪುಟ್ಟೇ ಚಾರ್ಜಿಂಗ್ ನಿಲ್ಲಿಸಲಿ, ಕೌಂಟರಿಗೂ ಅದೇ ಹೋಗಲಿ. ಆಗ ಚಾರ್ಜಿಂಗ್ ಅವಧಿ 100ರಿಂದ 200 ನ್ಯಾನೋಸೆಕೆಂಡ್ ಆಗುತ್ತದೆ, ವೋಲ್ಟೇಜ್ 1ರಿಂದ 2ರ ನಡುವೆ ಇರುತ್ತದೆ. ಸೊನ್ನೆಯ ಹತ್ತಿರ ವೋಲ್ಟೇಜ್ ನೇರ ಗೆರೆಯಲ್ಲಿ ಏರದ ವಕ್ರ ಭಾಗದ ಕಾಟವೂ ತಪ್ಪುತ್ತದೆ.

ಪ್ರಶ್ನೆ ಕೇಳಿದವರು:
ಬದಲಾಯಿಸಿ ರಾತ್ರಿಯಿಡೀ ಓಡಿಸಿದೆ. ಒಂದು ಜಿಗಿತವೂ ಇಲ್ಲ! ಆದರೆ ರೀಡಿಂಗ್‌ಗಳು ಇನ್ನೂ ಸುಮಾರು 400 ಪಿಕೋಸೆಕೆಂಡ್ ಹರಡಿವೆ.

ಉತ್ತರ 1:
ಅದು ಕೆಪಾಸಿಟರಿನದೇ.

ಉತ್ತರ 2:
ಮೊದಲು ಇನ್‌ಪುಟ್ ಅಂಚು ಎಷ್ಟು ವೇಗವಾಗಿ ಏರುತ್ತದೆ ಎಂದು ನೋಡಿ. 1 ಮಿಲಿವೋಲ್ಟ್ ನಾಯ್ಸ್ ಇದ್ದು, ಅಂಚು ನ್ಯಾನೋಸೆಕೆಂಡಿಗೆ 10 ಮಿಲಿವೋಲ್ಟಿನಂತೆ ಏರಿದರೆ, ಪಲ್ಸ್ ಬಂದ ಕ್ಷಣವನ್ನು ಗುರುತಿಸುವ ಟ್ರಿಗರ್ ಒಂದರಲ್ಲೇ 100 ಪಿಕೋಸೆಕೆಂಡ್ ಹೋಗುತ್ತದೆ. ಅಂಚಿನ ಚಿತ್ರವನ್ನೂ ಎಡಿಸಿ ಮೌಲ್ಯಗಳ ಹಿಸ್ಟೋಗ್ರಾಂ ಅನ್ನೂ ಹಾಕಿ.