ಹೊಸ ಪಿಸಿ: ಫ್ಯಾನ್ ಎಲ್ಲಾ ತಿರುಗುತ್ತವೆ, ಡಿಸ್‌ಪ್ಲೇ ಮಾತ್ರ ಇಲ್ಲ. ಕಾರ್ಡ್ ಹೋಗಿದೆಯಾ?

ಹಾಸನದ_ಹುಡುಗ:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಒಂದೂವರೆ ವರ್ಷ ದುಡ್ಡು ಕೂಡಿಟ್ಟು, ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ಎಲ್ಲಾ ತಂದೆ. ಪ್ರೊಸೆಸರ್ ರೈಜನ್ 5 5600, ಬಿ550 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060, 650 ವಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ನಾನೇ ಜೋಡಿಸಿದೆ. ಪವರ್ ಒತ್ತಿದರೆ ಫ್ಯಾನ್ ತಿರುಗುತ್ತವೆ, ಲೈಟ್ ಬರುತ್ತದೆ. ಮಾನಿಟರ್‌ನಲ್ಲಿ ನೋ ಸಿಗ್ನಲ್. ಬೋರ್ಡ್ ಮೇಲೆ ವಿಜಿಎ ಅಂತ ಬರೆದಿರುವ ಕಡೆ ಸಣ್ಣ ದೀಪ (ಗ್ರಾಫಿಕ್ಸ್ ಕಾರ್ಡ್ ಕಡೆ ತೊಂದರೆ ಅನ್ನುವ ಸೂಚನೆ) ಉರಿಯುತ್ತಲೇ ಇರುತ್ತದೆ. ಅಂಗಡಿಯವರು "ನಾವು ಚೆಕ್ ಮಾಡಿಯೇ ಕೊಟ್ಟಿದ್ದು" ಅನ್ನುತ್ತಾರೆ. ಜೋಡಿಸಿದ್ದರಲ್ಲಿ ತಪ್ಪಿಲ್ಲ, ಹತ್ತು ಸಲ ನೋಡಿದ್ದೇನೆ. ಏನು ಮಾಡಲಿ?

ತುಂಗಾತೀರ:
ಎಚ್‌ಡಿಎಂಐ ಎಲ್ಲಿ ಚುಚ್ಚಿದ್ದೀರಿ? ಬೋರ್ಡ್‌ಗೆ ಚುಚ್ಚಿದರೆ ಏನೂ ಬರುವುದಿಲ್ಲ. 5600 ಒಳಗೆ ಗ್ರಾಫಿಕ್ಸ್ ಇಲ್ಲ, 5600ಜಿ ಆದರೆ ಮಾತ್ರ ಇರುತ್ತದೆ.

ಹಾಸನದ_ಹುಡುಗ:
ಕಾರ್ಡ್‌ಗೇ ಚುಚ್ಚಿದ್ದೇನೆ. ಕೇಬಲ್ ಬದಲಾಯಿಸಿದೆ. ಅದೇ ಮಾನಿಟರ್‌ಗೆ ಲ್ಯಾಪ್‌ಟಾಪ್ ಹಾಕಿದರೆ ಚೆನ್ನಾಗಿ ಬರುತ್ತದೆ.

ವೋಲ್ಟೇಜ್_ಅಣ್ಣ:
ಎಸ್‌ಎಂಪಿಎಸ್ ಗುರು. ನೂರಕ್ಕೆ ನೂರು ಅದೇ. ಪೆಟ್ಟಿಗೆ ಮೇಲೆ 650 ಅಂತ ಇರುತ್ತದೆ, ಒಳಗೆ ಅಷ್ಟು ಇರುವುದಿಲ್ಲ. 850 ತಗೊಳ್ಳಿ, ಸಮಸ್ಯೆ ಮುಗಿಯಿತು.

ತುಂಗಾತೀರ:
ಅಣ್ಣ, ಲೆಕ್ಕ ಹಾಕಿ ನೋಡಿ. 3060ಗೆ 170 ವಾಟ್. ಪ್ರೊಸೆಸರ್ 65ರದ್ದು. ಕಾರ್ಡ್‌ಗೆ ಬೋರ್ಡಿನ ಸ್ಲಾಟ್‌ನಿಂದಲೇ 75 ಬರುತ್ತದೆ, ಎಸ್‌ಎಂಪಿಎಸ್‌ನ 8 ಪಿನ್ ಕೇಬಲ್‌ನಿಂದ ಇನ್ನು 150. ಕಂಪನಿಯೇ 550 ಸಾಕು ಅನ್ನುತ್ತದೆ. ಅದೂ ಅಲ್ಲದೆ ಆನ್ ಮಾಡಿದಾಗ ಮೊದಲು ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಪರದೆ ಬರುವಾಗ ಕಾರ್ಡ್‌ಗೆ ಹೆಚ್ಚು ಕೆಲಸವೇ ಇರುವುದಿಲ್ಲ. ಪವರ್ ಸಾಲದಿದ್ದರೆ ಆಟ ಆಡುವಾಗ ಆಫ್ ಆಗುತ್ತಿತ್ತು.

ವೋಲ್ಟೇಜ್_ಅಣ್ಣ:
ಲೆಕ್ಕ ಬೇರೆ, ಅನುಭವ ಬೇರೆ. ಮನೆಯಲ್ಲಿ ಅರ್ಥಿಂಗ್ ಇದೆಯಾ? ಇನ್ವರ್ಟರ್ ಲೈನ್‌ಗೆ ಹಾಕಿದ್ದೀರಾ? ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಎಷ್ಟೋ ಎಸ್‌ಎಂಪಿಎಸ್ ಒಪ್ಪುವುದಿಲ್ಲ.

ಕಾಫಿತೋಟ:
ಇನ್ವರ್ಟರ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮದು ಸಕಲೇಶಪುರದ ಹತ್ತಿರ, ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಹತ್ತು ಸಲ ಹೋಗುತ್ತದೆ. ನಾನು 1 ಕೆವಿಎ ಆನ್‌ಲೈನ್ ಯುಪಿಎಸ್ ಹಾಕಿದ್ದೇನೆ. ಕ್ಯಾಬಿನೆಟ್‌ನಲ್ಲಿ ಏಳು ಫ್ಯಾನ್, ಎಲ್ಲದಕ್ಕೂ ಜಾಲರಿ. ತೇವಕ್ಕೆ ಅಂತ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದೇನೆ. ಐದು ವರ್ಷದಿಂದ ಒಂದು ತೊಂದರೆ ಇಲ್ಲ. ಫೋಟೋ ಹಾಕಲಾ?

ವೋಲ್ಟೇಜ್_ಅಣ್ಣ:
ಹಾಕಿ ಹಾಕಿ. ಯುಪಿಎಸ್ ಬ್ಯಾಟರಿ ಎಷ್ಟು ಎಎಚ್?

ಹಾಸನದ_ಹುಡುಗ:
ದಯವಿಟ್ಟು ನನ್ನ ವಿಷಯ ನೋಡಿ. ನಿಮ್ಮ ಮಾತು ಕೇಳಿ ಅರಸೀಕೆರೆಗೆ ಬಸ್ಸಲ್ಲಿ ಹೋಗಿ ಸ್ನೇಹಿತನ 750 ವಾಟ್ ಎಸ್‌ಎಂಪಿಎಸ್ ತಂದು ಹಾಕಿದೆ. ಅದೇ ಕಥೆ. ವಿಜಿಎ ದೀಪ ಆರಲೇ ಇಲ್ಲ. ಅಮ್ಮ ಬೇರೆ "ಅಷ್ಟು ದುಡ್ಡು ಕೊಟ್ಟಿದ್ದು ಇದಕ್ಕಾ" ಅಂತ ಕೇಳುತ್ತಿದ್ದಾರೆ.

ಬೆಸುಗೆ_ಕಡ್ಡಿ:
ಈಗಷ್ಟೇ ನೋಡಿದೆ. ಕ್ಯಾಬಿನೆಟ್ ಒಳಗಿನ ಒಂದು ಫೋಟೋ ಹಾಕಿ, ಕಾರ್ಡ್ ಪೂರ್ತಿ ಕಾಣಲಿ.

ಹಾಸನದ_ಹುಡುಗ:
[ಚಿತ್ರ]

ಬೆಸುಗೆ_ಕಡ್ಡಿ:
ಕಾರ್ಡ್ ನಿಂತುಕೊಂಡಿದೆಯಲ್ಲ! ಬೋರ್ಡ್‌ಗೂ ಕಾರ್ಡ್‌ಗೂ ನಡುವೆ ರೈಸರ್ ಕೇಬಲ್ ಹಾಕಿದ್ದೀರಿ. ಮೊದಲೇ ಯಾಕೆ ಹೇಳಲಿಲ್ಲ?

ಹಾಸನದ_ಹುಡುಗ:
ಗಾಜಿನಿಂದ ಫ್ಯಾನ್ ಕಾಣಲಿ ಅಂತ ನಿಲ್ಲಿಸಿದ್ದೇನೆ. ಆ ಪಟ್ಟಿ ಕೇಬಲ್ ಹಳೇ ಸ್ಟಾಂಡ್ ಜೊತೆ ಬಂದಿದ್ದು, ಸೆಕೆಂಡ್ ಹ್ಯಾಂಡ್. ಅದು ಬರೀ ವೈರ್ ಅಲ್ವಾ, ಅದರಲ್ಲಿ ಹೇಳುವುದು ಏನಿದೆ ಅಂದುಕೊಂಡೆ.

ಬೆಸುಗೆ_ಕಡ್ಡಿ:
ಅಲ್ಲೇ ಇರುವುದು ವಿಷಯ. ಹಳೇ ರೈಸರ್‌ಗಳು ಪಿಸಿಐಇ (ಬೋರ್ಡ್ ಮತ್ತು ಕಾರ್ಡ್ ಮಾತಾಡುವ ದಾರಿ) ಮೂರನೇ ತಲೆಮಾರಿಗೆ, ಅಂದರೆ ಜೆನ್ 3ಕ್ಕೆ ಮಾಡಿದ್ದು. ಅಲ್ಲಿ ಒಂದು ಲೇನ್‌ನಲ್ಲಿ (ಆ ದಾರಿಯ ಒಂದು ಸಾಲಿನಲ್ಲಿ) ಸೆಕೆಂಡಿಗೆ 8 ಗಿಗಾ ಟ್ರಾನ್ಸ್‌ಫರ್. ನಿಮ್ಮ 3060, ಬಿ550, 5600 ಮೂರೂ ಜೆನ್ 4. ಅವು ಒಂದಕ್ಕೊಂದು ಮಾತಾಡಿಕೊಂಡು 16ಕ್ಕೆ ಏರಲು ನೋಡುತ್ತವೆ. ನಡುವೆ ಇರುವ ಕೇಬಲ್ ಅಷ್ಟು ವೇಗದ ಸಿಗ್ನಲ್ ತಡೆದುಕೊಳ್ಳುವುದಿಲ್ಲ, ಕೆಡಿಸಿಬಿಡುತ್ತದೆ. ಕೇಬಲ್ ಕೆಳದರ್ಜೆಯದು ಅಂತ ಬೋರ್ಡ್‌ಗೆ ಗೊತ್ತಾಗುವುದಿಲ್ಲ. ಅದಕ್ಕೇ ಕಪ್ಪು ಪರದೆ.

ರೈಸರ್ ತೆಗೆದು ಕಾರ್ಡನ್ನು ನೇರವಾಗಿ ಸ್ಲಾಟ್‌ಗೆ ಹಾಕಿ. ಡಿಸ್‌ಪ್ಲೇ ಬಂದರೆ ಕಾರ್ಡ್ ಚೆನ್ನಾಗಿದೆ ಅಂತ ಅರ್ಥ. ಹಾಗೇ ಬಯಾಸ್‌ಗೆ ಹೋಗಿ, ಪಿಸಿಐಇ ಎಕ್ಸ್16 ಸ್ಲಾಟ್ ಅನ್ನು ಆಟೋದಿಂದ ಜೆನ್ 3ಕ್ಕೆ ಇಳಿಸಿ, ಸೇವ್ ಮಾಡಿ. ಆಮೇಲೆ ಪೂರ್ತಿ ಆಫ್ ಮಾಡಿ ರೈಸರ್ ವಾಪಸ್ ಹಾಕಿ.

ವೋಲ್ಟೇಜ್_ಅಣ್ಣ:
ಇದು ನಾನು ಒಪ್ಪಲ್ಲ. ನನ್ನದೂ ಬಿ550, ನನ್ನದೂ 3060, ಹಳೇ ರೈಸರ್ರೇ. ಏನೂ ಸೆಟ್ಟಿಂಗ್ ಮುಟ್ಟದೆ ಎರಡು ವರ್ಷದಿಂದ ಓಡುತ್ತಿದೆ.

ಬೆಸುಗೆ_ಕಡ್ಡಿ:
ನಿಮ್ಮ ಪ್ರೊಸೆಸರ್ ಯಾವುದು?

ವೋಲ್ಟೇಜ್_ಅಣ್ಣ:
5600ಜಿ.

ಬೆಸುಗೆ_ಕಡ್ಡಿ:
ಜಿ ಇರುವುದು ಜೆನ್ 3 ಮಾತ್ರ ಕೊಡುತ್ತದೆ, ಬೋರ್ಡ್ ಬಿ550 ಆದರೂ ಅಷ್ಟೇ. ನಿಮ್ಮ ಕೇಬಲ್ ಮೇಲೆ ಜೆನ್ 4 ಸಿಗ್ನಲ್ ಒಂದು ದಿನವೂ ಹೋಗಿಲ್ಲ.

ಹಾಸನದ_ಹುಡುಗ:
ಬಂತು!!! ನೇರವಾಗಿ ಹಾಕಿದ ತಕ್ಷಣ ಡಿಸ್‌ಪ್ಲೇ ಬಂತು. ಜೆನ್ 3 ಮಾಡಿ ರೈಸರ್ ಹಾಕಿದೆ, ಆಗಲೂ ಬಂತು. ರಾತ್ರಿ ಹನ್ನೊಂದೂವರೆಗೆ ಅಮ್ಮನನ್ನು ಎಬ್ಬಿಸಿ ತೋರಿಸಿದೆ. ತುಂಬಾ ಥ್ಯಾಂಕ್ಸ್ ಅಣ್ಣ. ಜೆನ್ 3ರಲ್ಲಿ ಸ್ಪೀಡ್ ಕಡಿಮೆ ಆಗುತ್ತದಾ?

ಬೆಸುಗೆ_ಕಡ್ಡಿ:
3060ಗೆ ಹದಿನಾರು ಲೇನ್ ಇವೆ, ಆಟದಲ್ಲಿ ನಿಮಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ನೆನಪಿಡಿ: ಬೋರ್ಡ್ ಮೇಲಿನ ಸಿಮಾಸ್ ಬ್ಯಾಟರಿ (ಸೆಟ್ಟಿಂಗ್ ಉಳಿಸುವ ಸಣ್ಣ ಸೆಲ್) ತೆಗೆದರೆ ಅಥವಾ ಬಯಾಸ್ ಅಪ್‌ಡೇಟ್ ಮಾಡಿದರೆ ಸೆಟ್ಟಿಂಗ್ ಮತ್ತೆ ಆಟೋಗೆ ಹೋಗಬಹುದು. ಆಗ ಮತ್ತೆ ಇದೇ ಕಪ್ಪು ಪರದೆ. ಗಾಬರಿಯಾಗದೆ ಕಾರ್ಡನ್ನು ನೇರ ಹಾಕಿ, ಮತ್ತೆ ಜೆನ್ 3 ಮಾಡಿ. ಮುಂದೆ ಕೈಯಲ್ಲಿ ಕಾಸಾದಾಗ ಜೆನ್ 4 ರೈಸರ್ ತಗೊಳ್ಳಿ.

ವೋಲ್ಟೇಜ್_ಅಣ್ಣ:
ಜಿ ವಿಷಯ ನನಗೆ ಗೊತ್ತಿರಲಿಲ್ಲ. ಬಸ್ಸಲ್ಲಿ ಓಡಾಡಿಸಿದ್ದಕ್ಕೆ ಬೇಜಾರಾಗಬೇಡಿ ತಮ್ಮ. ಆದರೂ ಅರ್ಥಿಂಗ್ ಒಂದು ಸಲ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ.

ಗದಗ_ಗೇಮರ್:
ನನ್ನದೂ ಸೇಮ್ ಸಮಸ್ಯೆ. 5600, ಬಿ450 ಬೋರ್ಡ್, ರೈಸರ್ ಇಲ್ಲ. ಏನು ಮಾಡಲಿ?

ತುಂಗಾತೀರ:
ನಿಮ್ಮದು ಬೇರೆ ಇರಬಹುದು. ಬಿ450 ಬಂದಿದ್ದು 5600ಗಿಂತ ಮೊದಲು. ಹಳೇ ಬಯಾಸ್ ಆದರೆ ಅದಕ್ಕೆ ಆ ಪ್ರೊಸೆಸರ್ ಗುರುತೇ ಸಿಗುವುದಿಲ್ಲ. ಬೋರ್ಡ್ ಪೆಟ್ಟಿಗೆ ಮೇಲಿನ ಸ್ಟಿಕರ್ ಫೋಟೋ, ಒಳಗಿನ ಫೋಟೋ ಎರಡನ್ನೂ ಹಾಕಿ ಹೊಸದಾಗಿ ಕೇಳಿ.

ಕಾಫಿತೋಟ:
ಬ್ಯಾಟರಿ 7 ಎಎಚ್, ಮೂರು ಇವೆ. ಫೋಟೋ ನಾಳೆ ಹಾಕುತ್ತೇನೆ, ಈಗ ಕರೆಂಟ್ ಇಲ್ಲ.